ಹಿತ್ತಾಳೆಯದು ಎಂದು ನಾನು ಹೇಳಿದ ಸಲಾಕೆ

ಇದು ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಕಳೆದ ತಿಂಗಳು ಹೊಂಬಳದ ನಮ್ಮ ಮನೆಯ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿದ, ಬಂದೂಕಿನ ನಳಿಗೆ ಒರಸುವ ಸಲಾಕೆಯೊಂದು ಸಿಕ್ಕಿತು. ಬಿಚ್ಚಿದೊಡನೆ ಬಂದೂಕಿನ ಎಣ್ಣೆಯ ವಾಸನೆ. ಮೈತುಂಬ ಒಣಗಿದ ಹಳದಿ ಜಿಡ್ಡು. ಬೆಟಗೇರಿಯ ಮೇಸ್ತ್ರಿ ನೆನಪಾದರು.

ಅಜ್ಜ ಬೇಟೆಗೆ ಒಯ್ಯುತ್ತಿದ್ದ ರೈಫಲ್ಲು, ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳ ಕಾರಣದಿಂದ, ಲೈಸೆನ್ಸ್ ಸಮೇತ ಅಪ್ಪನ ಪಾಲಿಗೆ ಉಳಿದಿತ್ತು. ಮೇಸ್ತ್ರಿ ನೇಕಾರರ ಮನೆಯವರು, ಮಗ್ಗ ಬಿಟ್ಟು ಬಂದೂಕು ದುರಸ್ತಿಗೆ ಇಳಿದವರು. ಅವರು ಅದರ ಸ್ಪ್ರಿಂಗ್ ಬದಲಿಸಿಕೊಟ್ಟ ಕೆಲವು ತಿಂಗಳಿಗೆ ಗುಂಡು ದಾರಿ ತಪ್ಪತೊಡಗಿತು. ರಟ್ಟಿಗೆ ಹೊಡೆದರೆ ದುಂಡನೆಯ ತೂತಿಲ್ಲ, ಉದ್ದನೆಯ ಸೀಳು. ಗುಂಡು ಅಡ್ಡಡ್ಡವಾಗಿ ಹೋಗಿ ತಾಗುತ್ತಿತ್ತು.

ರಟ್ಟು ಹಿಡಿದು ಅಪ್ಪನೂ ನಾನೂ ಅವರ ಅಂಗಡಿಗೆ ಹೋದೆವು. ಆಗಷ್ಟೇ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ಗಾಳಿ, ತೂಕ, ತಿರುಗುವ ವೇಗ ಎಂದು ವಿವರಿಸಿದೆ.

"ಗಾಳಿ ನಿಮ್ಮಪ್ಪ ಹುಟ್ಟೂಕಿಂತ ಮೊದ್ಲಿಂದ ಬೀಸಾಕ ಹತ್ತೇತಿ, ಸಾಹೇಬ್ರ," ಎಂದು ಮೇಸ್ತ್ರಿ ನಕ್ಕರು.

ಲಾಳಿಯ ಅಂಚು ಒರಟಾಗಿದೆಯೇ ಎಂದು ನೇಕಾರರು ನೂಲು ಹಾಯಿಸಿ ನೋಡುವ ಹಾಗೆ, ಅವರು ಹತ್ತಿಯ ಎಳೆಯೊಂದನ್ನು ನಳಿಗೆಯ ಬಾಯಿಯ ಸುತ್ತ ಎಳೆದರು. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಮತ್ತೆ ಎಳೆದರು. ಅದೇ ಜಾಗ.

"ಅಂಚು ಸವದೈತ್ರಿ, ಗೌಡ್ರ. ಗುಂಡು ಹೊರಬೀಳೂ ಹೊತ್ತಿಗೆ ಹೊಗಿ ಇಲ್ಲಿಂದ ಮೊದ್ಲ ನುಗ್ಗಿ ಅದನ್ನ ಓರಿ ಮಾಡ್ತೈತಿ. ಯಾರೋ ಒರಸಾಕ ಕಬ್ಬಿಣದ ಸಲಾಕಿ ಬಾಯಾಗಿಂದ ತುರುಕ್ಯಾರ. ಮೆತ್ತನ್ನ ಹಿತ್ತಾಳಿದಾಗಿದ್ರ ಹಿಂಗ ಸವೀತಿರಲಿಲ್ಲ."

"ನಮ್ಮನ್ಯಾಗಿರೂದು ಹಿತ್ತಾಳಿ ಸಲಾಕಿ. ಹೌದಿಲ್ಲೋ?" ಅಪ್ಪ ನನ್ನ ಕಡೆ ತಿರುಗಿದರು.

ಒರಸುತ್ತಿದ್ದವನು ನಾನು. ಹಳೆಯ ಸಲಾಕೆ ಮುರಿದಾಗ ಗದಗಿನ ಪೇಟೆಯಿಂದ ಹೊಸದನ್ನು ತಂದವನೂ ನಾನೇ. ಅಂಗಡಿಯವನು ಹಿತ್ತಾಳೆ ಅಂದಿದ್ದ... ಅಥವಾ ಬಣ್ಣ ನೋಡಿ ನಾನೇ ಹಾಗೆ ಅಂದುಕೊಂಡಿದ್ದೆ.

"ಹೌದು, ಹಿತ್ತಾಳಿ," ಎಂದೆ.

"ತಂದ ತೋರಸ್ರಿ, ನೋಡೂಣು," ಎಂದರು ಮೇಸ್ತ್ರಿ.

"ಅಂದ್ರ ನನ್ನ ಮಗ ಸುಳ್ಳ ಹೇಳ್ತಾನೇನು? ಸ್ಪ್ರಿಂಗ್ ಹಾಕೂಮುಂದ ನೀವ ಕೆಡಿಸೀರಿ. ಒಪ್ಪಗೊಳ್ರಿ, ಇಲ್ಲಾಂದ್ರ ಠಾಣೇಕ ಹೋಗ್ತೀನಿ. ನಿಮ್ಮ ಲೈಸೆನ್ಸಿನ ಗತಿ ಅವರ ನೋಡ್ಲಿ."

ಬಾಗಿಲಲ್ಲಿ ಅಪ್ಪ, ಬೆಂಚಿನ ಹಿಂದೆ ಮೇಸ್ತ್ರಿ, ನಡುವೆ ನಾನು. ಆ ಕಿರಿದಾದ ಅಂಗಡಿಯಲ್ಲಿ ಹೊರಳಲೂ ಜಾಗವಿರಲಿಲ್ಲ. ಮೇಸ್ತ್ರಿ ನನ್ನನ್ನೇ ನೋಡಿದರು. ಖರೆ ನೋಡಿದರೋ, ಆಮೇಲೆ ನಾನು ಸೇರಿಸಿಕೊಂಡೆನೋ...

"ಆತು ಬಿಡ್ರಿ. ನನ್ನ ಕೈಯಿಂದನ ಆಗೇತಿ," ಎಂದರು.

ಅಂಚನ್ನು ಉಜ್ಜಿ ಸಮ ಮಾಡಿಕೊಟ್ಟರು. ಗುಂಡು ನೆಟ್ಟಗೆ ಹೋಯಿತು. ಅದನ್ನೇ ಸಾಕ್ಷಿ ಮಾಡಿಕೊಂಡು ಅಪ್ಪ ಅಡರಕಟ್ಟಿಯಿಂದ ಮುಂಡರಗಿಯ ತನಕ ಗುರುತಿನವರಿಗೆಲ್ಲ, ಮೇಸ್ತ್ರಿ ಬಂದೂಕು ಕೆಡಿಸಿದರೆಂದು ಹೇಳಿದರು. ಮೇಸ್ತ್ರಿಯ ಅಂಗಡಿಗೆ ಬಂದೂಕು ಬರುವುದು ನಿಂತಿತು. ಬಳಿಕ ಅವರು ಅಲ್ಲಿಯೇ ಸ್ಟೋವ್ ರಿಪೇರಿ ಮಾಡುತ್ತ ಕೂತಿರುವುದನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ. ಒಮ್ಮೆಯೂ ಇಳಿಯಲಿಲ್ಲ. ಸಲಾಕೆ ಹಿತ್ತಾಳೆಯದೇ ಆಗಿದ್ದರೆ ತಪ್ಪು ಅವರದೇ ಅಲ್ಲವೇ ಎಂದು ಇಷ್ಟು ವರ್ಷ ನನ್ನೊಡನೆಯೇ ವಾದಿಸಿದೆ.

ಈಗ ಮೇಸ್ತ್ರಿ ಇಲ್ಲ, ಅಪ್ಪನೂ ಇಲ್ಲ. ಅವತ್ತಿನ ಮಾತುಗಳಲ್ಲಿ ಎಷ್ಟು ಖರೆ ಎಂದು ಕೇಳಲು ಯಾರೂ ಉಳಿದಿಲ್ಲ. ಒಂದನ್ನು ಮಾತ್ರ ಪರೀಕ್ಷಿಸಬಹುದಿತ್ತು. ನಾನು ಪಾಠ ಹೇಳುವ ಕಾಲೇಜಿನ ಪ್ರಯೋಗಾಲಯದಿಂದ ಅಯಸ್ಕಾಂತ ತಂದು, ಅಂದು ನಾನೇ ಕೊಂಡಿದ್ದ ಆ ಸಲಾಕೆಗೆ ಹಿಡಿದೆ.

ಟಕ್ಕನೆ ಅಂಟಿತು. ಕೀಳಲು ಎರಡೂ ಕೈ ಬೇಕಾದವು.