ಒಂಬತ್ತನೇ ಸೈಜಿನ ಗಂಡಸು

ನನ್ನ ಮನೆಗೆ ಒಬ್ಬ ಗಂಡಸು ಬಂದು ಸೇರಿಕೊಂಡಿದ್ದಾನಂತೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆಲ್ಲ ಗೊತ್ತು. ನನಗೆ ಮಾತ್ರ ತಡವಾಗಿ ಗೊತ್ತಾಯಿತು!

ನೀವು ಗಾಬರಿಯಾಗಬೇಡಿ. ಎಲ್ಲ ಶುರುವಾಗಿದ್ದು ನನ್ನ ಪಾದಗಳಿಂದ. ಒಂದೊಂದೂ ರೊಟ್ಟಿ ಬಡಿಯುವ ಮಣೆಯಷ್ಟು ಅಗಲ. ಸಾಲದ್ದಕ್ಕೆ ಕಿರುಬೆರಳಿಗೊಂದು ಆಣಿ, ಹಿಮ್ಮಡಿಯಲ್ಲಿ ಸದಾ ನೋವು. "ದಿನಾ ನಡೀರಿ, ಇಲ್ಲಾಂದ್ರೆ ಇನ್ಸುಲಿನ್ನೇ ಗತಿ" ಎಂದು ಡಾಕ್ಟರು ಬೇರೆ ಹೆದರಿಸಿದರು. ನಡೆಯೋಣ, ಆದರೆ ಏನು ಹಾಕಿಕೊಂಡು? ಠಾಣೆಯ ಮಾಲ್‌ಗಳನ್ನು ಸುತ್ತಿದೆ, ವಾಶಿಯನ್ನೂ ಬಿಡಲಿಲ್ಲ. ಲೇಡೀಸ್ ಶೂ ಎಂದರೆ ಎಲ್ಲವೂ ಗುಲಾಬಿ ಬಣ್ಣ, ಎಲ್ಲದರ ಮೂತಿಯೂ ಚೂಪು. (ಹೆಂಗಸರಿಗೆ ಕಾಲಿಗೆ ಮೂರೇ ಬೆರಳು ಎಂದು ಇವರಿಗೆ ಹೇಳಿದವರು ಯಾರು?)

ಕೊನೆಗೆ ಕಲ್ಯಾಣದ ಅಂಗಡಿಯೊಂದರಲ್ಲಿ ಗಂಡಸರ ವಾಕಿಂಗ್ ಬೂಟಿಗೆ ಕಾಲು ತೂರಿಸಿದೆ. ಕಪ್ಪು, ದಪ್ಪ, ಸೈಜ್ ಒಂಬತ್ತು. ಐದೂ ಬೆರಳು ಆರಾಮಾಗಿ ಮೈಚಾಚಿ ಮಲಗಿದವು. ಸುಖಕ್ಕೆ ಕಣ್ಣಲ್ಲಿ ನೀರು ಬಂತು.

"ಸರ್ ಕೆ ಲಿಯೇ?" ಎಂದ ಸೇಲ್ಸ್‌ಮನ್.

"ಮೇರೆ ಲಿಯೇ" ಎಂದೆ, ಸಾಹೇಬರಿಗಲ್ಲ, ನನಗೇ ಎಂದು. ಜೋಕ್ ಎಂದುಕೊಂಡು ನಕ್ಕ.

ಮನೆಗೆ ಬಂದು, ಎಲ್ಲರಂತೆ ಬೂಟನ್ನು ಬಾಗಿಲ ಹೊರಗೆ ಬಿಟ್ಟೆ. ಮರುದಿನ ನಮ್ಮ ಪ್ಲಂಬರ್ ಪಕ್ಕದ ಮನೆಗೆ ಬಂದಿದ್ದವನು, ತಾನಾಗಿಯೇ ನನ್ನ ಬೆಲ್ ಒತ್ತಿದ. ಯಾವ ಪ್ಲಂಬರ್? ಸೋರುವ ನಲ್ಲಿಗೆ ತಿಂಗಳಿಂದ "ಕಲ್ ಪಕ್ಕಾ, ಮ್ಯಾಡಮ್" ಎನ್ನುತ್ತಿದ್ದವನೇ! ಬೂಟಿನ ಕಡೆ ನೋಡಿ ದನಿ ತಗ್ಗಿಸಿದ. "ಸಾಬ್ ಘರ್ ಪೆ ಹೈ ಕ್ಯಾ?" ಸಾಹೇಬರು ಮನೆಯಲ್ಲಿದ್ದಾರಾ ಅಂತ! ನಾನು ಬಾಯಿ ತೆರೆಯುವ ಮೊದಲೇ ನಲ್ಲಿ ಬಿಚ್ಚಿಕೊಂಡು ಕೂತಿದ್ದ.

ಸಂಜೆ ಎದುರು ಮನೆಯ ಶಾರದಕ್ಕ ಪತ್ರೊಡೆ ತಂದರು. ಉಡುಪಿ ಕಡೆಯವರು. ಕೈ ದೊಡ್ಡದು, ಕುತೂಹಲ ಅದಕ್ಕಿಂತ ದೊಡ್ಡದು.

"ಇಬ್ಬರಿಗೆ ಸಾಕಲ್ಲ ಮಾರಾಯ್ರೆ?" ಎಂದು ಒಳಗೊಮ್ಮೆ ಇಣುಕಿದರು.

ಮದುವೆಯ ಗೋಜಿಗೇ ಹೋಗದೆ ಐವತ್ತು ದಾಟಿದವಳು ನಾನು. ನಿಜ ಹೇಳಬಹುದಿತ್ತು. ಆದರೆ ಪತ್ರೊಡೆ ಘಮಘಮ ಎನ್ನುತ್ತಿತ್ತು.

ಇಕ್ಕಟ್ಟು ಶುರುವಾಗಿದ್ದು ಆಮೇಲೆ. ಬೂಟು ಬಾಗಿಲಲ್ಲಿದ್ದರೆ ಮರ್ಯಾದೆ, ಕಾಲಲ್ಲಿದ್ದರೆ ನಡಿಗೆ. ಎರಡೂ ಒಟ್ಟಿಗೆ ಹೇಗೆ? ಬೂಟನ್ನು ಕಾವಲಿಗೆ ಬಿಟ್ಟು, ಹಳೆಯ ಚಪ್ಪಲಿಯಲ್ಲೇ ಕುಂಟುತ್ತ ವಾಕಿಂಗ್ ಹೋದೆ. ಒಂದು ಬೆಳಿಗ್ಗೆ ಆಣಿ ಎಷ್ಟು ಸಿಡಿಯಿತೆಂದರೆ, ಸಿಟ್ಟು ನೆತ್ತಿಗೇರಿತು. ದುಡ್ಡು ನನ್ನದು, ನೋವು ನನ್ನದು. ಮರ್ಯಾದೆ ಮಾತ್ರ ಹುಟ್ಟೇ ಇರದ ಗಂಡಸಿಗೆ ಯಾಕೆ? ಗೊತ್ತಾಗಲಿ ಊರಿಗೆಲ್ಲ! ಬೂಟು ಹಾಕಿ, ಲೇಸ್ ಬಿಗಿದು, ಧಡಧಡ ಮೆಟ್ಟಿಲಿಳಿದೆ.

ಕೆಳಗೆ ಶಾರದಕ್ಕ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದರು. ನನ್ನ ಮುಖ ನೋಡಿದರು, ಕಾಲು ನೋಡಿದರು. ಬೇಕಾದ್ದು ಕೇಳಲಿ ಎಂದು ಸೆಟೆದು ನಿಂತೆ.

"ಅಯ್ಯೋ, ಅವರ ಬೂಟು ನೀವು ಹಾಕಿಕೊಂಡು ಬಂದ್ರೆ, ಪಾಪ, ಅವರು ಆಫೀಸಿಗೆ ಎಂತ ಹಾಕಿಕೊಂಡು ಹೋಗುವುದು ಮಾರಾಯ್ರೆ?"