ಖತೀಜಾಬಿಯ ದವಡೆ ಹಲ್ಲು

ಗೆಳೆಯರೇ, ಇವತ್ತು ಪಕ್ಕದ ಮನೆಯ ಖತೀಜಾಬಿಯನ್ನು ಭಟ್ಕಳದಿಂದ ಕುಮಟೆಯ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಹೋದ ವರ್ಷ ಬರ್ಮಾ ಸರ್ಕಾರ ಭಾರತೀಯರನ್ನು ಹೊರಗಟ್ಟಿದಾಗ ಅಲ್ಲಿಂದ ಉಟ್ಟ ಬಟ್ಟೆಯಲ್ಲೇ ಬಂದ ನಿರಾಶ್ರಿತೆ ಅವರು. ನಮ್ಮೂರಲ್ಲಿ ಹಲ್ಲಿಗೆ ಡಾಕ್ಟರಿಲ್ಲ. ಊದಿದ ಕೆನ್ನೆ ಹಿಡಿದುಕೊಂಡು ಬಸ್ಸಿನಲ್ಲಿ ಕುಲುಕಾಡಿ, ಹೊನ್ನಾವರದಲ್ಲಿ ತಾರಿಯ ದೋಣಿ ಹತ್ತಿ ಹೊಳೆ ದಾಟಿ, ಮಧ್ಯಾಹ್ನಕ್ಕೆ ತಲುಪಿದೆವು.

ಬಾಯಿ ನೋಡಿದ್ದೇ ಡಾಕ್ಟರು ರೇಗಿದರು. "ಇದೆಂತ ಅವಸ್ಥೆ! ಇಷ್ಟು ದಿನ ಎಂತ ಮಾಡ್ತಿದ್ರಿ?"

ಖತೀಜಾಬಿ ನಿಧಾನವಾಗಿ ಹೇಳಿದರು. "ಈ ಹಲ್ಲಿಗೆ ಬಂಗಾರ ಕಟ್ಟಿಸಿದ್ದೆ ಸಾಹೇಬ್ರೆ. ಬಂಗಾರ ಇದ್ದವರನ್ನ ಹಡಗು ಹತ್ತೂಕೆ ಬಿಡೂದಿಲ್ಲ ಅಂತ ಸುದ್ದಿ ಹಬ್ಬಿತ್ತು. ಹೆದರಿ ಅಕ್ಕಸಾಲಿ ಹತ್ರ ತೆಗೆಸಿದೆ. ಆಗಲೇ ಹಲ್ಲು ಒಡೀತು."

ಡಾಕ್ಟರು ಇಕ್ಕಳ ತೆಗೆದು ಹಲ್ಲು ಕಿತ್ತರು. ಆಕೆ ನನ್ನ ಮಣಿಕಟ್ಟು ಹಿಂಡಿದರೇ ಹೊರತು ಅಳಲಿಲ್ಲ. ಆಮೇಲೆ ಕೈ ತೊಳೆಯುತ್ತ ಡಾಕ್ಟರು ಅಂದರು, "ಏನೇ ಆದ್ರೂ ದಿನಾ ಎರಡು ಸಲ ಹಲ್ಲುಜ್ಜಬೇಕಿತ್ತು."

ಆಕೆಯ ಬಾಯಿ ತುಂಬ ಹತ್ತಿ. ನಾನೇ ಹೇಳಿದೆ, "ಹಡಗಲ್ಲಿ ಇವರಿಗೆ ಕುಡೀಲಿಕ್ಕೇ ನೀರು ಸಿಕ್ಕಿರಲಿಲ್ಲ, ಡಾಕ್ಟರೇ."

"ಆತು, ಇನ್ನಾದ್ರೂ ಉಜ್ಜಲಿ" ಅಂದರು.

ಕೇಳಿದಿರಲ್ಲ? ಮನೆಮಾರು ಬಿಟ್ಟು ಓಡುವ ಕಾಲ ನಿಮಗೂ ಬಂದರೆ, ಹಲ್ಲುಪುಡಿಯ ಡಬ್ಬಿಯೊಂದನ್ನು ಮಾತ್ರ ಮರೆಯಬೇಡಿ.