ಎಲ್ಲಾ ಊರಿನ ಕೆಳಬೀದಿ

ಪೀಣ್ಯ ಆಗಿನ್ನೂ ಅರ್ಧ ರಾಗಿಹೊಲ. ನಮ್ಮ ಕಾರ್ಖಾನೆಗೆ ಹೊಸ ಲೇತ್ ಕೂರಿಸೋಕೆ ಇಂಗ್ಲೆಂಡಿನಿಂದ ಒಬ್ಬ ಎಂಜಿನಿಯರ್ ಬಂದಿದ್ರು. ಟೀ ಹೊತ್ತಲ್ಲಿ ತಮ್ಮ ಹಳ್ಳಿ ಕಥೆ ತೆಗೆದ್ರು. ಅದನ್ನ ಕನ್ನಡದಲ್ಲಿ ಹೇಳೋ ಕೆಲಸ ನನ್ನದು.

ಮುತ್ತಜ್ಜನ ಕಾಲದಲ್ಲಿ ಮೇಲ್ಬೀದಿಯವರು ಹೊಳೆ ನೀರು ತಡೆದಿದ್ದಕ್ಕೆ, ಆ ನೀರಿಂದಲೇ ತಿರುಗ್ತಿದ್ದ ಕೆಳಬೀದಿಯ ಹಿಟ್ಟಿನ ಗಿರಣಿ ನಿಂತೇಹೋಯ್ತಂತೆ. ಇವತ್ತಿಗೂ ಚರ್ಚಲ್ಲಿ ಒಂದು ಬೀದಿಯವರು ಎಡಕ್ಕೆ, ಇನ್ನೊಂದು ಬೀದಿಯವರು ಬಲಕ್ಕೆ ಕೂರ್ತಾರಂತೆ. ಸಾಹೇಬರದು ಕೆಳಬೀದಿ.

ನಮ್ಮ ಆಪರೇಟರ್ ಮುನಿಯಪ್ಪ ಪಕ್ಕದ ಹಳ್ಳಿ ನಾಗಸಂದ್ರದ ಮೇಲ್ಬೀದಿಯವನು. ಟೀ ಲೋಟ ಕುಕ್ಕಿದ. "ತಡೀದೆ ಇನ್ನೇನ್ ಮಾಡ್ತಾರೆ ಸಾ? ಕೆಳಬೀದಿಯೋರು ಎಲ್ಲಾ ಊರ್ನಾಗೂ ಇಂಗೇಯಾ!"

ನಾನು ಬಾಯಿ ತೆರೆಯೋ ಮೊದಲೇ ಸಾಹೇಬರು ಕೆಂಪಗಾಗಿ ಎದ್ದುನಿಂತು, "ಇವನು ಮೇಲ್ಬೀದಿಯವನಾ?" ಅಂತ ಇಂಗ್ಲಿಷಲ್ಲಿ ಗುಡುಗಿದ್ರು.

ಅವತ್ತು ಇಡೀ ಶೆಡ್ಡಲ್ಲಿ ಸದ್ದು ಮಾಡದೆ ಇದ್ದದ್ದು ಆ ಹೊಸ ಲೇತ್ ಒಂದೇ.